ಮೊಹರು ಬಿದ್ದ ‘ಬರ್ತೀನಿ’

ಮನೆಯಲ್ಲಿ ಸೋಲುವ ಗಂಡಸರು ಊರ ತುಂಬ ಇದ್ದಾರೆ. (ಈ ಕಥೆ ಹೇಳುತ್ತಿರುವವನ ಸೋಲುಗಳ ಬಗ್ಗೆ ಮಾತ್ರ ಕೇಳಬೇಡಿ, ಅದನ್ನು ಶುರು ಮಾಡಿದರೆ ಜಾವಕಪ್ಪನ ಸರದಿ ಬರುವುದೇ ಇಲ್ಲ.) ಆದರೆ ಒಂದೇ ಮೊಕದ್ದಮೆಯನ್ನು ಇಪ್ಪತ್ತೆರಡು ವರ್ಷ ಬಿಡದೆ ಸೋಲುವುದಕ್ಕೆ ವಿಶೇಷ ಪ್ರತಿಭೆ ಬೇಕು. ಆ ಪ್ರತಿಭೆ ಜಾವಕಪ್ಪನಿಗೆ ಧಾರಾಳವಾಗಿತ್ತು.

ಮೊಕದ್ದಮೆ ತುಂಬ ಸರಳ. “ನೀವೇ ಹೇಳಿದ್ರಿ” ಎಂದು ಹೆಂಡತಿ. “ನಾನೆಲ್ಲಿ ಹೇಳಿದೆ?” ಎಂದು ಇವನು. ಸಾಕ್ಷಿ ಇಲ್ಲ, ಕಾಗದ ಇಲ್ಲ, ನ್ಯಾಯಾಧೀಶರು ಮೊದಲೇ ಇಲ್ಲ. ಹೆಂಡತಿ ಒಮ್ಮೆ ಕನ್ನಡಕದ ಮೇಲಿಂದ ನೋಡಿದರೆ ತೀರ್ಪು ಬಂದಂತೆ. ಆಮೇಲೆ ಮೇಲ್ಮನವಿಗೂ ಅದೇ ಕನ್ನಡಕದ ಮುಂದೆ ನಿಲ್ಲಬೇಕು.

ಜಾವಕಪ್ಪ ಎನ್ನುವುದು ಅವನ ಹೆತ್ತವರು ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯಲ್ಲಿ ಒಳಗೆ ಬರುವ ಕಾಗದಕ್ಕೆ ಆವಕ, ಹೊರಗೆ ಹೋಗುವ ಕಾಗದಕ್ಕೆ ಜಾವಕ ಅನ್ನುತ್ತಾರೆ. ಇವನು ಜಾವಕದ ಮೇಜಿನಲ್ಲಿ ಇಪ್ಪತ್ತೆಂಟು ವರ್ಷ ಕೂತು ಲಕ್ಷಾಂತರ ಕಾಗದಗಳನ್ನು ಹೊರಗೆ ಕಳಿಸಿದ್ದ. ತಾನು ಮಾತ್ರ ಆ ಮೇಜಿನಿಂದ ಪಕ್ಕದ ಮೇಜಿಗೂ ಹೋಗಿರಲಿಲ್ಲ. ‘ಪತ್ರ ಬಂದೇ ಇಲ್ಲ’ ಎಂದು ಯಾರಾದರೂ ಜಗಳಕ್ಕೆ ಬಂದರೆ, ಇವನು ದಪ್ಪ ಪುಸ್ತಕ ಬಿಚ್ಚಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ, “ಇಗೋ, ನಿಮ್ಮದೇ ಸಹಿ” ಎಂದು ತೋರಿಸುತ್ತಿದ್ದ. ಕಚೇರಿಯಲ್ಲಿ ಹುಲಿ. ಮನೆ ಹೊಸ್ತಿಲು ದಾಟಿದ ಕೂಡಲೇ ಆ ಹುಲಿಗೆ ಸಹಿ ಮಾಡಿಸಿಕೊಳ್ಳಲು ಪುಸ್ತಕವೇ ಇರುತ್ತಿರಲಿಲ್ಲ.

ಮೊಕದ್ದಮೆ ವಿಕೋಪಕ್ಕೆ ಹೋಗಿದ್ದು ಬಾಮೈದನ ಐದನೇ ಮನೆ ಬದಲಾವಣೆಯಲ್ಲಿ. ಹೆಂಡತಿಯ ತಮ್ಮ ಬ್ಯಾಂಡ್ ತಂಡವೊಂದರಲ್ಲಿ ಕಹಳೆ ಊದುತ್ತಾನೆ. ಊದುವುದನ್ನು ಮನೆಯಲ್ಲೇ ಅಭ್ಯಾಸ ಮಾಡುತ್ತಾನೆ. ಹಾಗಾಗಿ ವರ್ಷಕ್ಕೊಮ್ಮೆ ಮನೆ ಬದಲಿಸುತ್ತಾನೆ. (ಮಾಲೀಕರು ಬೇರೆ ಬೇರೆ, ಕಾರಣ ಒಂದೇ.) ಬರೀ ಅವನು ಬದಲಾದರೆ ಯಾರಿಗೇನು ನಷ್ಟ? ಅವನ ಜೊತೆ ದೊಡ್ಡಪ್ಪನೂ ಬದಲಾಗಬೇಕು.

ದೊಡ್ಡಪ್ಪ ಅಂದರೆ ಮನುಷ್ಯನಲ್ಲ, ಬೀರು. ಬಡಗಿಯಾಗಿದ್ದ ಅವರ ದೊಡ್ಡಪ್ಪ ತಮ್ಮ ಕೈಯಾರೆ ಮಾಡಿಕೊಟ್ಟಿದ್ದ ಏಳಡಿ ಎತ್ತರದ ಮರದ ಬೀರು. ದೊಡ್ಡಪ್ಪ ಹೋಗಿ ಬಹಳ ಕಾಲವಾಯಿತು, ಹೆಸರು ಬೀರುವಿಗೆ ಅಂಟಿಕೊಂಡಿತು. ಪುಣ್ಯಾತ್ಮರು ಒಂದೇ ಒಂದು ಮೊಳೆ ಹೊಡೆಯದೆ, ಮರಕ್ಕೆ ಮರ ಕಚ್ಚಿಸಿ ಮಾಡಿದ್ದರಿಂದ ಅದನ್ನು ಬಿಚ್ಚಲು ಬರುವುದಿಲ್ಲ. ಇಡಿಯಾಗಿ ಹೊರಬೇಕು. ಮೆಟ್ಟಿಲು ಹತ್ತಿಸುವಾಗ ಬಾಮೈದ ಪ್ರತಿ ಸಲವೂ ಕೈ ಮುಗಿದು, “ಭಾವ, ಹಿರಿಯರು ನೀವು, ಕೆಳಗಿನ ತುದಿ ನಿಮಗೇ ಇರಲಿ” ಅನ್ನುತ್ತಾನೆ. ಮೆಟ್ಟಿಲ ಮೇಲೆ ಪೂರ್ತಿ ಭಾರ ಬೀಳುವುದು ಕೆಳಗಿನ ತುದಿಯವನ ಮೇಲೆ ಎಂದು ಜಾವಕಪ್ಪನಿಗೆ ಮೂರನೇ ಮನೆಯ ಹೊತ್ತಿಗೆ ಹೊಳೆಯಿತು. ಆದರೆ ಗೌರವ ಕೊಟ್ಟು ಮಾತಾಡಿಸಿದವರಿಗೆ ಇಲ್ಲ ಅನ್ನುವುದು ಹೇಗೆ? ಅದರಲ್ಲೂ ಹೆಂಡತಿಯ ತವರಿನವರಿಗೆ?

ಐದನೇ ಸಲ ಇವನು ಬರುವುದಿಲ್ಲ ಎಂದೇ ಹೇಳಿದ್ದ. ಹಾಗೆಂದು ಅವನ ನಂಬಿಕೆ.

“ನೀವು ಬರ್ತೀನಿ ಅಂದ್ರಿ. ನಾನು ಅವನಿಗೆ ಹಾಗೇ ಹೇಳಿದೆ” ಎಂದಳು ಹೆಂಡತಿ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಬಾಯಲ್ಲಿ ನಾಲ್ಕು ಗುಂಡುಪಿನ್ನು ಕಚ್ಚಿಕೊಂಡೇ ಜಗಳ ಗೆಲ್ಲುವ ಹೆಣ್ಣು.

“ನಾನು ನೋಡೋಣ ಅಂದೆ ಕಣೇ!”

“ನೋಡೋಣ ಅಂದ್ರೆ?”

“ನೋಡೋಣ ಅಂದ್ರೆ ಆಗಲ್ಲ ಅಂತ. ಹುಟ್ಟಿದ ಮಗೂಗೂ ಗೊತ್ತು!”

“ಆ ಮಗೂನೇ ಕರ್ಕೊಂಡು ಬನ್ನಿ, ಸಾಕ್ಷಿ ಹೇಳಲಿ.”

ಆವತ್ತು ದೊಡ್ಡಪ್ಪನನ್ನು ಮೂರನೇ ಮಹಡಿಗೆ ಏರಿಸಿ ಬಂದ ಜಾವಕಪ್ಪ ನಾಲ್ಕು ದಿನ ಪ್ರಶ್ನಾರ್ಥಕ ಚಿಹ್ನೆಯ ಆಕಾರದಲ್ಲಿ ಓಡಾಡಿದ. ಬೆನ್ನಿಗಿಂತ ಹೆಚ್ಚು ನೊಂದಿದ್ದು ಮನಸ್ಸು. ಊರಿನವರ ಮಾತಿಗೆಲ್ಲ ರಸೀದಿ ಇಟ್ಟವನ ಸ್ವಂತ ಮಾತಿಗೆ ಒಂದು ಚೀಟಿಯೂ ಇಲ್ಲವಲ್ಲ ಎಂದು ಅವನಿಗೆ ನಿಜವಾಗಿಯೂ ಅಳು ಬಂದಿತ್ತು.

ಇಂಥ ಹೊತ್ತಿನಲ್ಲಿ ಕಚೇರಿಗೆ ರಿಜಿಸ್ಟರ್ ಇಮೇಲ್ ಬಂತು.

ರಿಜಿಸ್ಟರ್ ಅಂಚೆ ಇದ್ದ ಹಾಗೇ ಇದು, ಆದರೆ ಕಂಪ್ಯೂಟರಿನಲ್ಲಿ. ನೀವು ಪತ್ರ ಕಳಿಸಿದಿರಿ ಅನ್ನಿ. ಸ್ವಲ್ಪ ಹೊತ್ತಿಗೆಲ್ಲ ಒಂದು ಪ್ರಮಾಣಪತ್ರ ಬರುತ್ತದೆ. ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೊರಟಿತು, ಎಷ್ಟಕ್ಕೆ ತಲುಪಿತು, ಆಸಾಮಿ ಎಷ್ಟಕ್ಕೆ ತೆರೆದ, ಎಲ್ಲವೂ ಅದರಲ್ಲಿರುತ್ತದೆ. ಕೆಳಗೊಂದು ಮೊಹರು. ಪತ್ರದ ಒಂದು ಕೊಂಬು, ಒಂದು ಒತ್ತು ಬದಲಾಯಿಸಿದರೂ ಮೊಹರು ಒಡೆದು ಕಳ್ಳತನ ಬಯಲಾಗುತ್ತದೆ. ‘ನನಗೆ ಬಂದಿಲ್ಲ’ ಅನ್ನುವ ಹಾಗಿಲ್ಲ, ‘ನೀನು ಹಾಗೆ ಬರೆದಿರಲಿಲ್ಲ’ ಅನ್ನುವ ಹಾಗೂ ಇಲ್ಲ. ಮೊದಲ ಪ್ರಮಾಣಪತ್ರ ಕೈಗೆ ಬಂದ ದಿನ ಜಾವಕಪ್ಪ ಅದನ್ನು ಮುದ್ರಿಸಿ, ಮಡಿಸಿ ಎದೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದ. ಮದುವೆಗೆ ಮುಂಚೆ ಹೆಂಡತಿಯ ಫೋಟೊವನ್ನೂ ಅವನು ಇಷ್ಟು ಜೋಪಾನವಾಗಿ ಇಟ್ಟುಕೊಂಡಿರಲಿಲ್ಲ.

ವಾರದೊಳಗೆ ಸ್ವಂತಕ್ಕೂ ಒಂದು ಖಾತೆ ಮಾಡಿಸಿದ. ನಡುಮನೆಯ ಮೂಲೆಯಲ್ಲಿದ್ದ ಕಂಪ್ಯೂಟರ್ ಮೇಜಿಗೆ ‘ಗೃಹ ಜಾವಕ’ ಎಂದು ಚೀಟಿ ಅಂಟಿಸಿದ.

“ಇನ್ಮೇಲೆ ಮುಖ್ಯವಾದ ವಿಷಯ ಯಾವುದೂ ಬಾಯಲ್ಲಿ ಇಲ್ಲ” ಎಂದು ಸಾರಿದ. “ಎಲ್ಲ ಇಲ್ಲಿಂದಲೇ.”

ಹೆಂಡತಿ ಹೊಲಿಗೆ ನಿಲ್ಲಿಸಲಿಲ್ಲ. “ಗ್ಯಾಸ್ ಮುಗಿದಿದೆ ಅನ್ನೋದು ಮುಖ್ಯಾನಾ?”

“ಅದು... ಮಧ್ಯಮ.”

“ಹಾಗಾದ್ರೆ ಅದನ್ನ ಗಟ್ಟಿಯಾಗೇ ಹೇಳ್ತೀನಿ, ಕೇಳಿಸ್ಕೊಳ್ಳಿ. ಗ್ಯಾಸ್ ಮುಗಿದಿದೆ.”

ಬಾಮೈದನಿಗಂತೂ ಫೋನಿನಲ್ಲೇ ಉಪದೇಶವಾಯಿತು. “ನೋಡಪ್ಪಾ, ನನ್ನ ವಿಚಾರದಲ್ಲಿ ನಿಮ್ಮಕ್ಕ ಹೇಳಿದ್ದನ್ನ ಇನ್ನು ನಂಬ್ಕೂಡದು. ಬಾಯಿ ಮಾತು ಗಾಳಿ ಮಾತು. ನನ್ನಿಂದ ಮೊಹರು ಬಿದ್ದು ಬಂದಿದ್ದು ಏನಿದೆಯೋ ಅದೊಂದೇ ಸತ್ಯ. ತಿಳೀತಾ?”

“ತಿಳೀತು ಭಾವ. ಅಕ್ಕನ ಮಾತು ನಂಬಲ್ಲ” ಎಂದ ಬಾಮೈದ, ತುಂಬ ವಿಧೇಯನಾಗಿ. ಇದು ಬಾಮೈದ ಭಾವನ ಮಾತನ್ನು ಅಕ್ಷರಶಃ ಪಾಲಿಸಿದ ಮೊದಲನೆಯ ಮತ್ತು ಕೊನೆಯ ಪ್ರಸಂಗ.

ಕಚೇರಿಯಲ್ಲಿ ಇವನ ಉತ್ಸಾಹ ಹೇಗಿತ್ತೆಂದರೆ, ಇವನ ಬಾಯಿಂದ ತಪ್ಪಿಸಿಕೊಳ್ಳಲೆಂದೋ ಏನೋ ಮೇಲಧಿಕಾರಿ ನೌಕರರ ತರಬೇತಿ ಕೇಂದ್ರಕ್ಕೆ ಇವನ ಹೆಸರು ಬರೆದರು. ಕೇಂದ್ರದ ನಿರ್ದೇಶಕಿ ಒಪ್ಪಿದರು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ, ಬೇರೆ ಬೇರೆ ಕಚೇರಿಗಳ ನಲವತ್ತು ಗುಮಾಸ್ತರ ಮುಂದೆ, ಒಂದು ಗಂಟೆಯ ಉಪನ್ಯಾಸ: ‘ಸಂದೇಹಕ್ಕೆ ಎಡೆಯಿಲ್ಲದ ಸಂದೇಶ’. ಆ ಪತ್ರವನ್ನು ಜಾವಕಪ್ಪ ಮೂರು ಸಲ ಓದಿದ. ಇಪ್ಪತ್ತೆಂಟು ವರ್ಷದಲ್ಲಿ ಅವನ ಮಾತನ್ನು ಕೂತು ಕೇಳುತ್ತೇವೆ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಕನ್ನಡಿ ಮುಂದೆ, ಬಚ್ಚಲಲ್ಲಿ, ಬಸ್ಸಿನಲ್ಲಿ ಅಭ್ಯಾಸ ಮಾಡಿದ. ಹನ್ನೊಂದು ಜನಕ್ಕೆ ರಿಜಿಸ್ಟರ್ ಇಮೇಲಿನಲ್ಲಿ ಆಹ್ವಾನ ಕಳಿಸಿದ. ಹಲ್ಲಿನ ಡಾಕ್ಟರಿಗೂ ಹೋಯಿತು. ಹನ್ನೊಂದು ಪ್ರಮಾಣಪತ್ರ ಬಂದವು, ಜನ ಯಾರೂ ಬರುವ ಸೂಚನೆ ಇರಲಿಲ್ಲ.

ಗುರುವಾರ ಸಂಜೆ ಬಾಮೈದನ ಸಂದೇಶ ಬಂತು. ‘ಭಾವ, ಮಾಲೀಕರು ಮನೆ ಬಿಡಿ ಅಂದರು. ಭಾನುವಾರ ಹೊಸ ಮನೆಗೆ. ನಾಲ್ಕನೇ ಮಹಡಿ, ಗಾಳಿ ಬೆಳಕು ಚೆನ್ನಾಗಿದೆ. ಲಿಫ್ಟ್ ಇಲ್ಲ. ದೊಡ್ಡಪ್ಪನಿಗೆ ನೀವೇ ಗತಿ.’

ಜಾವಕಪ್ಪ ಹೌಹಾರಲಿಲ್ಲ. ನಕ್ಕ. ಇಪ್ಪತ್ತೆರಡು ವರ್ಷದಿಂದ ಕಾಯುತ್ತಿದ್ದ ಗಳಿಗೆ ಇದು.

“ಏನಂತೆ?” ಎಂದು ಹೆಂಡತಿ ಬಂದಳು.

“ಅದು ಕಚೇರಿ ರಹಸ್ಯ.”

“ನನ್ನ ತಮ್ಮನ ಮನೆ ಸಾಮಾನು ನಿಮ್ಮ ಕಚೇರಿ ರಹಸ್ಯ ಯಾವಾಗ ಆಯ್ತು? ನೋಡಿ, ನಿಮಗೆ ಆಗಲ್ಲ ಅಂದ್ರೆ ಆಗಲ್ಲ ಅಂತ ಬಾಯಿಬಿಟ್ಟು ಹೇಳಿ. ಸುತ್ತಿ ಬಳಸಬೇಡಿ. ಅವನಿಗೆ ಸುತ್ತಿ ಬಳಸಿದ್ದು ತಿಳಿಯಲ್ಲ.”

“ಪತ್ರ ಬರೆಯೋದು ನನಗೆ ಹೇಳ್ಕೊಡ್ತೀಯಾ?” ಎಂದು ಇವನು ಕುರ್ಚಿಯನ್ನು ಆ ಕಡೆ ತಿರುಗಿಸಿಕೊಂಡು ಕೂತ.

ಬರೆಯಲು ಎರಡು ಗಂಟೆ ಹಿಡಿಯಿತು. ‘ಬರುವುದಿಲ್ಲ’ ಎಂದು ಮೊದಲು ಬರೆದ. ಓದಿದರೆ ಕಪಾಳಕ್ಕೆ ಹೊಡೆದ ಹಾಗಿತ್ತು. ನಾಳೆ ಅತ್ತೆ ಮಾವ ಏನಂದುಕೊಂಡಾರು? ಅದನ್ನು ಅಳಿಸಿದ. ಅಳೆದೂ ಸುರಿದೂ, ಎದುರಿನವರಿಗೆ ನೋವಾಗದಂತೆ, ಆದರೆ ನಿರಾಕರಣೆ ಸ್ಫಟಿಕದಷ್ಟು ಸ್ಪಷ್ಟವಾಗಿರುವಂತೆ (ಇದು ಅವನ ಅಭಿಪ್ರಾಯ) ಕೊನೆಗೆ ಹೀಗೆ ಬರೆದ:

‘ತಾವು ಮತ್ತೊಮ್ಮೆ ಮನೆ ಬದಲಿಸುತ್ತಿರುವ ವಿಷಯ ತಿಳಿದು ಸಂತೋಷವಾಯಿತು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ತರಬೇತಿ ಕೇಂದ್ರದಲ್ಲಿ ನನ್ನ ಉಪನ್ಯಾಸ ಇರುವುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. ದೊಡ್ಡಪ್ಪನವರ ಬಗ್ಗೆ ನನಗಿರುವ ಗೌರವ ತಮಗೆ ತಿಳಿದೇ ಇದೆ. ನೋಡೋಣ.’

ಮುಗಿಯಿತು. ಕಡೆಯಲ್ಲಿ ‘ಇಂತಿ ತಮ್ಮ ವಿಶ್ವಾಸಿ’ ಎಂದು ಹಾಕಲು ಹೋದ. ಸ್ವಂತ ಬಾಮೈದನಿಗೆ ಅದು ನೀರಿನ ಬಾಕಿಯ ನೋಟೀಸಿನಂತೆ ಕಂಡಿತು. ಏನೂ ಹಾಕದಿದ್ದರೆ ಬಾಗಿಲು ಬಡಿದು ಎದ್ದು ಹೋದಂತೆ. ಯಾರ ಮನೆಯಿಂದ ಹೊರಟರೂ, ಫೋನ್ ಇಟ್ಟರೂ ಮನುಷ್ಯ ಹೋಗ್ತೀನಿ ಅನ್ನುತ್ತಾನೆಯೇ? ಅವನ ಕೈ ಅಭ್ಯಾಸಬಲದಿಂದ ತಾನೇ ತಾನಾಗಿ ಇಷ್ಟು ಸೇರಿಸಿತು:

‘ಸರಿ, ಬರ್ತೀನಿ.’

ಕಳಿಸಿದ. ಹೊರಟಿದ್ದು ಎಂಟು ಹದಿನಾಲ್ಕು. ತಲುಪಿದ್ದು ಎಂಟು ಹದಿನಾಲ್ಕು. ತೆರೆದಿದ್ದು ಎಂಟು ಹದಿನಾರು. ಪ್ರಮಾಣಪತ್ರವನ್ನು ಮುದ್ರಿಸಿ ಬೆಳಕಿಗೆ ಹಿಡಿದು ನೋಡಿದ. ಇನ್ನು ಈ ಭೂಮಿಯ ಮೇಲಿನ ಯಾವ ಹೆಣ್ಣೂ, ಯಾವ ಕಹಳೆಯೂ ‘ನೀವು ಬರ್ತೀನಿ ಅಂದ್ರಿ’ ಎನ್ನುವಂತಿಲ್ಲ. ಆ ರಾತ್ರಿ ಅವನು ಮಗುವಿನಂತೆ ನಿದ್ದೆ ಮಾಡಿದ.

ಭಾನುವಾರ ಬಂತು. ಹೆಂಡತಿ ಬೆಳಿಗ್ಗೆಯೇ ತಮ್ಮನ ಮನೆ ಸಾಮಾನು ಕಟ್ಟಲು ಹೋಗಿದ್ದಳು. ಜಾವಕಪ್ಪ ಕೋಟು ಹಾಕಿ, ‘ಉಪನ್ಯಾಸಕರು’ ಎಂಬ ಪಟ್ಟಿಯನ್ನು ಎದೆಗೆ ಚುಚ್ಚಿಕೊಂಡು ವೇದಿಕೆ ಹತ್ತಿದ. ನಲವತ್ತು ಜನ ಕೂತಿದ್ದರು. ಮೊದಲ ಹತ್ತು ನಿಮಿಷ ಚೀಟಿ ನೋಡಿಕೊಂಡೇ ಓದಿದ. ಆಮೇಲೆ ತಾನೇ ಕೇಳಿ ಬೆರಗಾಗುವಂತೆ ಮಾತಾಡಿದ. “ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತಾರೆ. ಆದರೆ ರಿಜಿಸ್ಟರ್ ಇಮೇಲಿನಲ್ಲಿ ಆಡಿದ ಮಾತು ಎಲ್ಲಿಗೂ ಹೋಗೋದಿಲ್ಲ ಮಹನೀಯರೇ, ಅಲ್ಲೇ ಕೂತಿರುತ್ತೆ!” ಎಂದಾಗ ಇಬ್ಬರು ಚಪ್ಪಾಳೆ ತಟ್ಟಿದರು. ನಿರ್ದೇಶಕಿ ತಲೆದೂಗಿದರು.

ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ಆದರೆ ತಲೆದೂಗುವವರನ್ನು ಕಂಡರೆ ಕೆಲವರಿಗೆ ಇನ್ನೊಂದು ಮೆಟ್ಟಿಲು ಹತ್ತುವ ಚಪಲ.

“ಒಂದು ಜೀವಂತ ಉದಾಹರಣೆ ತೋರಿಸ್ತೀನಿ” ಎಂದು ಜಾವಕಪ್ಪ ತನ್ನ ಸ್ವಂತ ಪತ್ರವನ್ನೂ ಪ್ರಮಾಣಪತ್ರವನ್ನೂ ಗೋಡೆಯ ಪರದೆ ಮೇಲೆ ಆಳೆತ್ತರಕ್ಕೆ ಮೂಡಿಸಿದ. “ನನ್ನ ಬಾಮೈದ ಒಂದು ಬೀರು ಹೊರೋಕೆ ಕರೆದ. ನಾನು ಖಡಾಖಂಡಿತವಾಗಿ ನಿರಾಕರಿಸಿದೆ. ಇಲ್ಲಿದೆ ನೋಡಿ, ಎಂಟು ಹದಿನಾರಕ್ಕೆ ತೆರೆದಿದ್ದಾನೆ. ಇನ್ನು ಅವನು ಜಪ್ಪಯ್ಯ ಅಂದರೂ ನಾನು ಬರ್ತೀನಿ ಅಂದಿದ್ದೆ ಅನ್ನೋಕಾಗುತ್ತಾ?”

ಸಭೆ ಪರದೆಯನ್ನು ಓದಿತು. ಮತ್ತೆ ಓದಿತು. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಕೈ ಎತ್ತಿದಳು. ಯಾವುದೋ ಆಸ್ಪತ್ರೆಯ ದಾಖಲೆ ವಿಭಾಗದವಳು.

“ಸಾರ್, ಬರಲ್ಲ ಅಂತ ಎಲ್ಲಿದೆ?”

“ಅದೇ ಅಮ್ಮ, ನೋಡೋಣ ಅಂತ ಇದೆಯಲ್ಲ. ನೋಡೋಣ ಅಂದ್ರೆ ಆಗಲ್ಲ ಅಂತ.”

“ಸರಿ ಸಾರ್. ಕೆಳಗೆ ಬರ್ತೀನಿ ಅಂತ ಇದೆ?”

ಜಾವಕಪ್ಪ ಪರದೆ ಕಡೆ ತಿರುಗಿದ. ಗುರುವಾರದಿಂದ ಇಪ್ಪತ್ತು ಸಲ ಆ ಪತ್ರ ಓದಿದ್ದ. ಕೊನೆಯ ಸಾಲು ಕಣ್ಣಿಗೆ ಬಿದ್ದಿದ್ದು ಈಗ. ಆಳೆತ್ತರದ ಅಕ್ಷರಗಳಲ್ಲಿ, ಮೊಹರಿನ ಪಕ್ಕದಲ್ಲೇ, ‘ಸರಿ, ಬರ್ತೀನಿ’ ಅವನನ್ನು ನೋಡುತ್ತಿತ್ತು.

“ಅದು... ಅದು ಹೋಗ್ತೀನಿ ಅಂತ. ಹೊರಡುವಾಗ ಅನ್ನಲ್ವೇ, ಹಾಗೆ.”

“ಅಂದ್ರೆ ಸಾರ್, ನೋಡೋಣ ಅಂದ್ರೆ ಆಗಲ್ಲ, ಬರ್ತೀನಿ ಅಂದ್ರೆ ಹೋಗ್ತೀನಿ” ಎಂದು ಆಕೆ ಪ್ರಾಮಾಣಿಕವಾಗಿ ಟಿಪ್ಪಣಿ ಬರೆದುಕೊಳ್ಳುತ್ತಾ ಕೇಳಿದಳು. “ಹಾಗಾದ್ರೆ ಮೊದಲನೇ ಸಾಲಲ್ಲಿ ಸಂತೋಷವಾಯಿತು ಅಂತ ಇದೆಯಲ್ಲ, ಅದಕ್ಕೇನು ಅರ್ಥ ಸಾರ್?”

ನಲವತ್ತು ಜನ ನಕ್ಕ ಸದ್ದು ಅಡಗುವ ಮೊದಲೇ ಬಾಗಿಲು ತೆರೆಯಿತು. ಅಲ್ಲಿ ಬಾಮೈದ ನಿಂತಿದ್ದ. ಮೈಯೆಲ್ಲ ಧೂಳು, ಕಣ್ಣಲ್ಲಿ ಧೂಳಿನಿಂದ ನೀರು, ಕೈಯಲ್ಲಿ ಮುದ್ರಿಸಿದ ಕಾಗದ.

“ಭಾವ! ಉಪನ್ಯಾಸ ಇಲ್ಲಿದೆ, ಬರ್ತೀನಿ ಅಂತ ಬರೆದಿದ್ರಲ್ಲ, ದಾರೀಲೇ ಇತ್ತು, ಅದಕ್ಕೇ ನಾವೇ ಬಂದ್ವಿ. ದೊಡ್ಡಪ್ಪ ಹೊರಗೆ ಲಾರೀಲಿ ಮಲಗಿದಾರೆ. ಹೊರೋಕೆ ನಾಲ್ಕು ಜನಾನೂ ಇಲ್ಲ. ಬಿಸಿಲೇರೋದ್ರೊಳಗೆ ಎತ್ತಿಬಿಡಬೇಕು.”

ಹಿಂದಿನ ಸಾಲಿನ ಹೆಂಗಸು ಪೆನ್ನು ಕೆಳಗಿಟ್ಟಳು. ನಿರ್ದೇಶಕಿ ಮೆಲ್ಲನೆ ಎದ್ದು ನಿಂತರು. ಅವರ ಹಿಂದೆ ನಲವತ್ತು ಜನರೂ ಎದ್ದರು.

“ಇಂಥ ದುಃಖದಲ್ಲೂ ಬಂದು ಮಾತಾಡಿದ್ರಲ್ಲ, ನಿಮ್ಮ ಕರ್ತವ್ಯನಿಷ್ಠೆ ದೊಡ್ಡದು” ಎಂದರು ನಿರ್ದೇಶಕಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ. “ಒಂದು ನಿಮಿಷ ಮೌನ ಆಚರಿಸೋಣ.”

ಅಲ್ಲ, ಅದು ಬೀರು ಎಂದು ಹೇಳಲು ಜಾವಕಪ್ಪ ಬಾಯಿ ತೆರೆದ. ಆದರೆ ಮೌನ ಶುರುವಾಗಿಬಿಟ್ಟಿತ್ತು. ಮೌನ ಆಚರಿಸುವಾಗ ಮಾತಾಡುವುದು ಸಭ್ಯತೆಯಲ್ಲ ಎಂದು ಬಾಯಿ ಮುಚ್ಚಿದ. ಆಮೇಲೆ ಹೇಳೋಣವೆಂದರೆ ಒಬ್ಬೊಬ್ಬರೇ ಬಂದು ಕೈ ಹಿಡಿದು ಸಂತೈಸುತ್ತಿದ್ದರು. ಬಾಮೈದ ಇದೆಲ್ಲ ಉಪನ್ಯಾಸದ ಮೆಚ್ಚುಗೆ ಅಂದುಕೊಂಡು ಹೆಮ್ಮೆಯಿಂದ ನಿಂತಿದ್ದ. ಹೀಗೆ ಸಂದೇಹಕ್ಕೆ ಎಡೆಯಿಲ್ಲದ ಸಂದೇಶದ ಉಪನ್ಯಾಸ ಮೂವತ್ತೈದನೇ ನಿಮಿಷಕ್ಕೆ ಶೋಕಸಭೆಯಾಗಿ ಮುಕ್ತಾಯಗೊಂಡಿತು.

ಲಾರಿಯಲ್ಲಿ ಕೂತ ಮೇಲೆ ಜಾವಕಪ್ಪನಿಗೆ ಸಿಟ್ಟು ಬಂತು. “ಅಲ್ಲಯ್ಯಾ, ನಾನು ಬರಲ್ಲ ಅಂತ ನಿಮ್ಮಕ್ಕನಿಗಾದ್ರೂ ಗೊತ್ತಾಗಿತ್ತಲ್ಲ? ಅವಳೇನೂ ಹೇಳ್ಲಿಲ್ವಾ?”

“ಹೇಳಿದ್ಲು ಭಾವ. ಬೆಳಿಗ್ಗೆಯಿಂದ ಹೇಳಿದ್ದೇ ಹೇಳಿದ್ದು. ‘ಅವರನ್ನ ಕಾಯಬೇಡ, ಅವರು ಬರಲ್ಲ, ಇವತ್ತು ಅವರ ಉಪನ್ಯಾಸ, ತೊಂದರೆ ಕೊಡಬೇಡ’ ಅಂತ ನನ್ನ ಹತ್ರ ಜಗಳಾನೇ ಆಡಿದ್ಲು. ನಾನು ಈ ಕಾಗದ ತೋರಿಸಿದೆ.” ಬಾಮೈದ ಕೈಯಲ್ಲಿದ್ದ ಮಡಿಸಿದ ಪತ್ರ ತಟ್ಟಿದ. “ಮೊಹರು ಬಿದ್ದಿದ್ದು ಒಂದೇ ಸತ್ಯ, ಅಕ್ಕನ ಮಾತು ನಂಬಬೇಡ ಅಂತ ನೀವೇ ಹೇಳಿದ್ರಲ್ಲ? ನಂಬಲಿಲ್ಲ.”

ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೆಂಡತಿ ಅವನ ಪಕ್ಷ ವಹಿಸಿ ವಾದ ಮಾಡಿದ್ದಳು, ಅದೂ ತವರಿನವರ ಎದುರು. ಆ ಮೊಕದ್ದಮೆಯಲ್ಲಿ ಅವನ ವಿರುದ್ಧ ಸಾಕ್ಷಿ ಹೇಳಿದವನು ಅವನೇ. ತನ್ನ ಬೆನ್ನನ್ನು ತಾನೇ ಚಪ್ಪರಿಸಿಕೊಳ್ಳಲು ಹೋಗಿ ತನ್ನ ಬೆನ್ನನ್ನು ತಾನೇ ಮುರಿದುಕೊಂಡ ಇಂಥ ಮೂರ್ಖ ಇನ್ನೊಬ್ಬನಿಲ್ಲ ಎಂದು ಅವನು ಲಾರಿಯ ಕಿಟಕಿಗೆ ಹಣೆ ಒತ್ತಿಕೊಂಡ.

“ಈಗ ಅವಳೆಲ್ಲಿ?”

“ನಿಮ್ಮ ಉಪನ್ಯಾಸ ಕೇಳೋಕೆ ಅಂತ ಬಸ್ಸಲ್ಲಿ ಹೋದ್ಲು. ನೀವು ಕರೀಲಿಲ್ಲ, ಆದ್ರೂ ಹಿಂದೆ ಕೂತು ಕೇಳಿ ಬರ್ತೀನಿ ಅಂದ್ಲು.”

ಹನ್ನೊಂದು ಆಹ್ವಾನಗಳನ್ನು ಅವನು ಮನಸ್ಸಿನಲ್ಲೇ ಎಣಿಸಿದ. ಹಲ್ಲಿನ ಡಾಕ್ಟರಿಗೆ ಕಳಿಸಿದ್ದ. ಒಂದೇ ಸೂರಿನ ಕೆಳಗಿರುವವಳಿಗೆ ಕಳಿಸಿರಲಿಲ್ಲ. ನಾಚಿಕೆಯಾಯಿತು, ಆ ನಾಚಿಕೆಯ ಭಾರದ ಮುಂದೆ ದೊಡ್ಡಪ್ಪನ ಭಾರ ಏನೂ ಅಲ್ಲ ಎನ್ನಿಸಿತು. (ಮೊದಲ ಮಹಡಿಯವರೆಗೆ. ಎರಡನೇ ಮಹಡಿಯಲ್ಲಿ ಅಭಿಪ್ರಾಯ ಬದಲಾಯಿತು.)

ಇಬ್ಬರು ಕೂಲಿಯವರು ನಡುವೆ, ಬಾಮೈದ ಮೇಲೆ, ಕೋಟು ಹಾಕಿ ‘ಉಪನ್ಯಾಸಕರು’ ಎಂಬ ಪಟ್ಟಿ ಚುಚ್ಚಿಕೊಂಡವನು ಕೆಳಗೆ. ಮೂರನೇ ಮಹಡಿಯಲ್ಲಿ ಕೋಟಿನ ಹೆಗಲು ಪರ್ರೆಂದು ಹರಿಯಿತು, ನಾಲ್ಕನೇ ಮಹಡಿಗೆ ಗುಂಡಿಗಳು ಉದುರಿದವು. ಅಂತೂ ಹೊಸ ಮನೆ ಬಾಗಿಲಿಗೆ ಬಂದು ತಳ್ಳಿದರು. ದೊಡ್ಡಪ್ಪ ಅರ್ಧ ಬಾಗಿಲಲ್ಲಿ ಕಚ್ಚಿಕೊಂಡು ನಿಂತುಬಿಟ್ಟ. ನೇರ ತಳ್ಳಿದರು, ಅಡ್ಡ ತಳ್ಳಿದರು, ಬೈದು ತಳ್ಳಿದರು, ಬೇಡಿಕೊಂಡು ತಳ್ಳಿದರು. ದೊಡ್ಡಪ್ಪ ಜಗ್ಗಲಿಲ್ಲ.

ಅಷ್ಟರಲ್ಲಿ ಮೆಟ್ಟಿಲು ಹತ್ತಿ ಹೆಂಡತಿ ಬಂದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಸೀರೆ ಮಾತ್ರ ಪೆಟ್ಟಿಗೆಯಲ್ಲಿಟ್ಟಿದ್ದ ಒಳ್ಳೆಯ ಸೀರೆ.

“ಉಪನ್ಯಾಸಕರ ದೊಡ್ಡಪ್ಪ ತೀರಿಕೊಂಡ್ರಂತೆ ಅಂತ ಕಾವಲುಗಾರ ಹೇಳಿದ” ಎಂದಳು ಏದುಸಿರು ಬಿಡುತ್ತಾ. “ಸತ್ತೋರು ಇಪ್ಪತ್ತು ವರ್ಷದ ಮೇಲೆ ಮತ್ತೆ ಸಾಯಬೇಕಾದ್ರೆ ನಿಮ್ಮಿಬ್ಬರದೇ ಕೆಲಸ ಅಂತ ನೇರ ಇಲ್ಲಿಗೆ ಬಂದೆ.” ಆಮೇಲೆ ಬಾಗಿಲು ನೋಡಿದಳು. “ಶುಕ್ರವಾರವೇ ಹೇಳ್ಲಿಲ್ವೇನೋ ನಿನಗೆ? ಈ ಬಾಗಿಲು ನಾನೇ ಅಳೆದಿದ್ದೆ. ಬೀರುಗಿಂತ ಮೂರು ಬೆರಳು ಕಮ್ಮಿ. ಹಿಡಿಸಲ್ಲ ಅಂದಿದ್ದೆ.”

ಬಾಮೈದ ತಲೆ ತಗ್ಗಿಸಿದ. “ಅಂದಿದ್ದೆ ಅಕ್ಕ. ಆದ್ರೆ ಅದು ಬಾಯಿ ಮಾತು.”

ನಾಲ್ವರೂ ಜಾವಕಪ್ಪನನ್ನು ನೋಡಿದರು. ಕೂಲಿಯವರಿಗೆ ಹಿನ್ನೆಲೆ ಏನೂ ಗೊತ್ತಿರಲಿಲ್ಲ, ಆದರೂ ಅವರೂ ಸರಿಯಾದ ಮನುಷ್ಯನನ್ನೇ ನೋಡಿದರು.

ಮತ್ತೆ ಇಳಿಸಬೇಕಾಯಿತು. ಏರುವಾಗ ಕೆಳಗಿದ್ದವನು ಇಳಿಯುವಾಗಲೂ ಕೆಳಗೇ ಇರುತ್ತಾನೆ ಎಂಬುದು ಭೌತಶಾಸ್ತ್ರದ ಕ್ರೂರ ನಿಯಮ. ಎರಡನೇ ಮಹಡಿಯ ತಿರುವಿನಲ್ಲಿ ಇಡೀ ದೊಡ್ಡಪ್ಪ ಎದೆಯ ಮೇಲೆ ಒರಗಿದ್ದಾಗ, ಮೇಲಿನಿಂದ ಬಾಮೈದನ ದನಿ ಬಂತು. “ಭಾವ, ಇಲ್ಲಂತೂ ಆಗಲ್ಲ. ನಿಮ್ಮದು ನೆಲಮಹಡಿ, ಬಾಗಿಲೂ ದೊಡ್ಡದು. ನಿಮ್ಮನೇಲೇ ಇರಲಿ, ಆಗಬಹುದಾ?”

“ಹೂಂ...” ಎಂದ ಜಾವಕಪ್ಪ. ಅದು ಒಪ್ಪಿಗೆಯಲ್ಲ, ಪಕ್ಕೆಲುಬಿನ ನರಳಾಟ.

“ಅಯ್ಯೋ, ಬರೆದುಕೊಡೋದೇನೂ ಬೇಡ ಭಾವ. ನಿಮ್ಮ ಬಾಯಿ ಮಾತೇ ಸಾಕು!”

“ಇದನ್ನ ಮಾತ್ರ ನಾನೂ ಕಿವಿಯಾರೆ ಕೇಳಿದೆ” ಎಂದಳು ಹೆಂಡತಿ, ಮೆಟ್ಟಿಲ ಮೇಲಿಂದ ಬಗ್ಗಿ ನೋಡಿ.

ಸಂಜೆಯ ಹೊತ್ತಿಗೆ ದೊಡ್ಡಪ್ಪ ಜಾವಕಪ್ಪನ ನಡುಮನೆಗೆ ಬಂದು ನಿಂತ. ಅಷ್ಟು ಜಾಗ ಇದ್ದಿದ್ದು ಒಂದೇ ಮೂಲೆಯಲ್ಲಿ. ಕಂಪ್ಯೂಟರನ್ನು ಚಾದರದಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳಿದರು, ಮೇಜನ್ನು ಬಾಮೈದ ಕಹಳೆ ಇಡಲು ಬೇಕೆಂದು ಲಾರಿಗೆ ಹಾಕಿಕೊಂಡು ಹೋದ.

ಮನೆ ಶಾಂತವಾಯಿತು. ಜಾವಕಪ್ಪ ಬೀರುವಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ಕೂತಿದ್ದ ಅನ್ನುವುದಕ್ಕಿಂತ ಬಿದ್ದಿದ್ದ. ಹೆಂಡತಿ ಹರಿದ ಕೋಟು ತಂದು ಎದುರಿಗೆ ಕೂತಳು. ಸೂಜಿಗೆ ದಾರ ಪೋಣಿಸಿದಳು.

“ಹೇಳಿ ಈಗ.”

“ಏನು ಹೇಳಲಿ? ತಪ್ಪಾಯ್ತು. ನಿನ್ನ ಮಾತು ಕೇಳ್ಬೇಕಿತ್ತು.”

“ಅದಲ್ಲ. ಉಪನ್ಯಾಸ ಹೇಳಿ. ಒಳ್ಳೇ ಸೀರೆ ಉಟ್ಟು ಎರಡು ಬಸ್ಸು ಬದಲಿಸಿ ಹೋಗಿದ್ದೀನಿ. ಸುಮ್ನೆ ವಾಪಸ್ ಬರೋಕಾ?”

ಜಾವಕಪ್ಪನ ಕಣ್ಣು ತೇವವಾಯಿತು. ಬೆನ್ನು ನೆಟ್ಟಗೆ ಮಾಡಲು ನೋಡಿದ, ಆಗಲಿಲ್ಲ. ಕೂತಲ್ಲೇ ಗಂಟಲು ಸರಿಪಡಿಸಿಕೊಂಡು ಮಹನೀಯರೇ ಎಂದು ಶುರುಮಾಡಿ, ಮಹನೀಯಳೇ ಎಂದು ತಿದ್ದಿಕೊಂಡ. ಹತ್ತೇ ನಿಮಿಷದಲ್ಲಿ ವೇದಿಕೆಯ ಮೇಲಿನ ಉತ್ಸಾಹ ಮರಳಿತು. ಕೈ ಎತ್ತಲು ಬಾರದಿದ್ದರಿಂದ ಹುಬ್ಬು ಎತ್ತಿ ಇಳಿಸಿ ಮಾತಾಡಿದ. “ಆದ್ದರಿಂದ ನಾನು ಹೇಳೋದಿಷ್ಟೇ. ಮನುಷ್ಯ ತನಗೆ ನಿಜವಾಗಲೂ ಮುಖ್ಯವಾದ ವಿಷಯವನ್ನ ಯಾವತ್ತೂ ಬಾಯಿ ಮಾತಲ್ಲಿ ಹೇಳಬಾರದು!”

“ಮತ್ತೆ ಇದನ್ನ ಯಾಕೆ ಬಾಯಲ್ಲಿ ಹೇಳ್ತಿದೀರಿ?” ಎಂದು ಕೇಳಿದಳು ಹೆಂಡತಿ, ಸೂಜಿಯಿಂದ ತಲೆ ಎತ್ತದೆ.

ಜಾವಕಪ್ಪ ಬಾಯಿ ತೆರೆದ. ಹುಬ್ಬು ಎತ್ತಿದಲ್ಲೇ ನಿಂತಿತು. ಅವಳು ಹಲ್ಲಿನಿಂದ ದಾರ ಕಡಿದು, ಇನ್ನೊಂದು ಗುಂಡಿ ಕೈಗೆತ್ತಿಕೊಂಡಳು.

“ಇರಲಿ, ಮುಂದೆ ಹೇಳಿ” ಎಂದಳು. “ಇನ್ನೂ ಮೂರು ಗುಂಡಿ ಇದೆ.”